ಯಾರು ಓದ್ರು?

"ಈ ಭಾನುವಾರ ಒಂದು ದಾಟಲಿ! ಆಮೇಲೆ ಈ ಮನೆಯಲ್ಲಿ ನನ್ನನ್ನು ಯಾರೂ 'ರೀ' ಅನ್ನಬಾರದು. 'ಡಾಕ್ಟರೇ' ಅನ್ನಬೇಕು!" ಎಂದು ಗುರುಪಾದಸ್ವಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

"ಆಯ್ತು ಡಾಕ್ಟ್ರೇ, ಸಿಲಿಂಡರ್ ಖಾಲಿಯಾಗಿದೆ, ಬದಲಾಯ್ಸಿ," ಎಂದಳು ಹೆಂಡತಿ ರತ್ನ.

ಗುರುಪಾದಸ್ವಾಮಿ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಅವನ ಸಂಶೋಧನೆಯ ವಿಷಯ 'ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಶಾಲಾ ಕಾಲೇಜು ವಿದ್ಯಾರ್ಥಿಗಳಲ್ಲಿ ಒತ್ತಡ: ಒಂದು ಅಧ್ಯಯನ'. ಹೆಸರು ಉದ್ದವಾಯಿತು ಎನ್ನಬೇಡಿ, ಸಂಶೋಧನೆ ಅದಕ್ಕಿಂತ ಉದ್ದವಾಗಿ ಎಳೆದಿತ್ತು. ಅವನು ಶುರು ಮಾಡಿದಾಗ ಪರೀಕ್ಷೆಯ ಒತ್ತಡದಲ್ಲಿದ್ದ ಹುಡುಗರೆಲ್ಲ ಪಾಸಾಗಿ, ಕೆಲಸ ಹಿಡಿದು, ಮದುವೆಯಾಗಿ, ಈಗ ಬೇರೆ ಥರದ ಒತ್ತಡದಲ್ಲಿದ್ದರು. ಅವಧಿ ವಿಸ್ತರಿಸಿ ವಿಸ್ತರಿಸಿ ಸುಸ್ತಾದ ವಿಶ್ವವಿದ್ಯಾಲಯ, ಇನ್ನೊಂದೇ ಒಂದು ವರ್ಷ, ಅದೂ ಗೈಡು ಖುದ್ದಾಗಿ ನೋಡಿ ಒಪ್ಪಿ ಸಹಿ ಹಾಕಿದರೆ ಮಾತ್ರ ಎಂದುಬಿಟ್ಟಿತ್ತು. ಸಹಿ ಬಿದ್ದರೆ ಡಾಕ್ಟರ್ ಗುರುಪಾದಸ್ವಾಮಿ, ಬೀಳದಿದ್ದರೆ ಸಾಯುವವರೆಗೂ ಬರೀ ಗುರುಪಾದಸ್ವಾಮಿ! ಆ ಗೈಡು ಭಾನುವಾರ ಮೈಸೂರಿನಿಂದ ಮನೆಗೇ ಊಟಕ್ಕೆ ಬರುವವರಿದ್ದರು. ಒತ್ತಡದಲ್ಲಿರುವ ವಿದ್ಯಾರ್ಥಿಗಳನ್ನು ಕಣ್ಣಾರೆ ನೋಡಬೇಕೆಂದು ಅವರ ಅಪ್ಪಣೆಯಾಗಿತ್ತು.

ಇಲ್ಲಿ ನಮ್ಮ ಗುರುಪಾದಸ್ವಾಮಿಯ ಇನ್ನೊಂದು ಹುಚ್ಚನ್ನು ಹೇಳಿಬಿಡಬೇಕು. ನಮ್ಮ ಕಡೆ ಹಕಾರಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ, ಹೋಗುವವರು ಓಗುತ್ತಾರೆ. ಹೋದರೆ, 'ಓದ್ರು'. ಬಸ್ಸು ಹತ್ತಿ ಹೋದವರೂ ಓದ್ರು, ಶಿವನ ಪಾದಕ್ಕೆ ಹೋದವರೂ ಓದ್ರು. ನಮಗೆ ಇದರಿಂದ ಯಾವತ್ತೂ ತೊಂದರೆಯಾಗಿಲ್ಲ. ಆದರೆ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ದಿನವೇ ಗುರುಪಾದಸ್ವಾಮಿ ಮೂರು ತಾಲ್ಲೂಕಿನ ಹಕಾರವನ್ನು ಒಬ್ಬನೇ ಉದ್ಧಾರ ಮಾಡುವುದಾಗಿ ಪಣ ತೊಟ್ಟಿದ್ದ.

ಒಮ್ಮೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಂಡಕ್ಟರು "ಅನೂರ್, ಅನೂರ್, ಅನೂರ್!" ಎಂದು ಕೂಗುತ್ತಿದ್ದರೆ ಇವನು ಮೆಟ್ಟಿಲ ಕೆಳಗೆ ನಿಂತು, "ಹನೂರು ಎನ್ನಿ, ಹತ್ತುತ್ತೇನೆ," ಎಂದ.

"ಅತ್ತೋದಾದ್ರೆ ಅತ್ತಿ, ಇಲ್ದಿದ್ರೆ ಬುಡಿ ಸಾ!" ಎಂದು ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು. ಗುರುಪಾದಸ್ವಾಮಿ ಅತ್ತಿದ್ದರೂ ಅದು ತಿರುಗಿ ಬರುತ್ತಿರಲಿಲ್ಲ.

ಮನೆಯಲ್ಲೂ ಇದೇ ಪಾಠ. "ಒತ್ತಾಯ್ತು, ಊಟಕ್ಕೆ ಬನ್ನಿ," ಎಂದು ರತ್ನ ಕರೆದರೆ, "ಹೊತ್ತಾಯ್ತು ಅನ್ನು ರತ್ನ! ಹ! ಹ!" ಎನ್ನುತ್ತಿದ್ದ.

"ಊಟಕ್ಕೆ ಕರೆದ್ರೆ ನಗೋದ್ಯಾಕೆ?" ಎಂದು ಅವಳು ತಟ್ಟೆ ಕುಕ್ಕಿ ಹೋಗುತ್ತಿದ್ದಳು.

ಹಕಾರ ಸಾಲದೆಂದು ಈಚೆಗೆ ತಮಿಳೂ ಸೇರಿಕೊಂಡಿತ್ತು. ಅವನು ಸಂಶೋಧನೆಗೆ ಆರಿಸಿಕೊಂಡಿದ್ದ ತನ್ನದೇ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಮಾರ್ಟಳ್ಳಿಯ ಕವಿತ ಎಂಬ ಹುಡುಗಿಯಿದ್ದಳು. ಗಡಿಯ ಊರು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. "ಒತ್ತಡ ಇದೆಯೇನಮ್ಮ?" ಎಂದು ಕೇಳಿದ್ದಕ್ಕೆ ಅವಳು, "ನಮ್ ಬೋರ್‌ವೆಲ್ ನೀರ್ಗಾ ಸಾ? ಕರೆಂಟ್ ಇದ್ರೆ ಇರ್ತದೆ," ಎಂದಿದ್ದಳು. ಜನರ ಜೊತೆ ಜನರ ಭಾಷೆಯಲ್ಲೇ ಮಾತಾಡಬೇಕು ಎಂದು ಗುರುಪಾದಸ್ವಾಮಿಗೆ ಅಂದೇ ಜ್ಞಾನೋದಯವಾಯಿತು. ಫೋನಿನಲ್ಲಿ ಹುಡುಕಿದ. ಒತ್ತಡಕ್ಕೆ ತಮಿಳಿನಲ್ಲಿ 'ಅಳುತ್ತಂ' ಎಂದು ಸಿಕ್ಕಿತು. ಸಿಕ್ಕಿದ್ದೇ ತಡ, ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಗಂಭೀರವಾದ ದನಿಯಲ್ಲಿ ಸಂದೇಶ ಹಾಕಿದ:

"ಭಾನುವಾರ ನನ್ನ ಗೈಡು ಬರುತ್ತಾರೆ. ಎಲ್ಲರೂ ನಮ್ಮ ಮನೆಗೆ ಬಂದು ನಿಮ್ಮ ನಿಮ್ಮ ಅಳುತ್ತಂ ತೋರಿಸಬೇಕು. ನಾಚಿಕೆ ಬೇಡ. ಒಳಗಿರುವ ಅಳುತ್ತಂ ಅಷ್ಟೂ ಹೊರಗೆ ಬರಲಿ!"

"ಅದೇನ್ರೀ ಅದು?" ಎಂದಳು ರತ್ನ.

"ನಿನಗೆ ಅರ್ಥವಾಗುವುದಿಲ್ಲ. ಒತ್ತಡದ ವಿಷಯ."

"ಒತ್ತಡದ ವಿಷ್ಯ ನಂಗೊತ್ತಿಲ್ವಾ? ಭಾನುವಾರ ಅಷ್ಟೂ ಮಕ್ಕಳಿಗೆ ಶ್ಯಾವಿಗೆ ಒತ್ತೋಳು ನಾನು!"

ಭಾನುವಾರ ಬಂತು. ಹಾಲಿನಲ್ಲಿ ಜಮಖಾನ, ಟೀಪಾಯಿಯ ಮೇಲೆ ಗೈಡಿಗೆಂದು ತಂದ ಸುಗಂಧರಾಜದ ಹಾರ, ಒಳಗಿನಿಂದ ಒತ್ತು ಶ್ಯಾವಿಗೆಯ ಹಬೆ. ಮೂರೂ ತಾಲ್ಲೂಕಿನ ವಿದ್ಯಾರ್ಥಿಗಳು ಬಂದು ಸಾಲಾಗಿ ಕುಳಿತರು. ಮುಖ ಮಾತ್ರ ಎಲ್ಲರದೂ ಬಾಡಿತ್ತು. ಯಾಕೋ ಪಿಸಪಿಸ ಎನ್ನುತ್ತಿದ್ದರು. ಯಳಂದೂರಿನ ರಂಗರಾಜು ಕರ್ಚೀಫು ಹಿಡಿದು ತಯಾರಾಗಿ ಕುಳಿತಿದ್ದ. ಗುರುಪಾದಸ್ವಾಮಿಗೆ ಬಾಡಿದ ಮುಖಗಳನ್ನು ನೋಡಿಯೇ ಹಿಗ್ಗಾಯಿತು.

ಮೂಲೆಯಲ್ಲಿ ಅವನ ತಾಯಿ ದೊಡ್ಡಬಸಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಇದನ್ನೂ ಹೇಳಬೇಕು. ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆ ತುಂಬ ವಿಭೂತಿ ಬಳಿಯುತ್ತಾರೆ, ಹಾರ ಹಾಕುತ್ತಾರೆ. ದೊಡ್ಡಬಸಮ್ಮ ಮಧ್ಯಾಹ್ನದ ನಿದ್ದೆಯನ್ನು ದಿನಾ ಇದೇ ಭಂಗಿಯಲ್ಲಿ ಮಾಡುತ್ತಿದ್ದರು, ಹಾರವೊಂದು ಬಿಟ್ಟು! ಅಂದೂ ಬೇಗ ಉಂಡು, ಹೊಸದಾಗಿ ವಿಭೂತಿ ಧರಿಸಿ, ಕಿವಿಯ ಮಿಷನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು.

ಗೈಡಿನ ಕಾರು ಬಂತು. ಅವರು ಧಾರವಾಡದ ಕಡೆಯವರು, ಧಡೂತಿ ಆಳು, ಮಾತೂ ಧಡೂತಿ. ಅವರು ಹೊಸ್ತಿಲು ದಾಟಿದ್ದೇ ತಡ, ಹಾಲಿನಲ್ಲಿ "ಹೋ!" ಎಂಬ ರೋದನ ಎದ್ದಿತು. ಒಬ್ಬರಲ್ಲ, ಇಬ್ಬರಲ್ಲ, ಅಷ್ಟೂ ಜನ! ಹನೂರಿನವರು ಬಿಕ್ಕಿದರು, ಕೊಳ್ಳೇಗಾಲದವರು ಮೂಗು ಒರೆಸಿಕೊಂಡರು, ರಂಗರಾಜು ಎದೆ ಬಡಿದುಕೊಂಡು ಜಮಖಾನದ ಮೇಲೆ ಉರುಳಿದ.

ಗುರುಪಾದಸ್ವಾಮಿ ಮಕ್ಕಳನ್ನು ಸುಮ್ಮನಾಗಿಸಲು ಕೈಯೆತ್ತಿದ. ಆದರೆ ಗೈಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನ್ರೀ ಗುರುಪಾದಸ್ವಾಮಿ, ಈ ಮಕ್ಕಳಿಗೆ ಇಷ್ಟು ಒತ್ತಡ ಐತೇನ್ರೀ! ನಾ ನಂಬಿದ್ದಿಲ್ರೀ!"

ಸಹಿ ಕಣ್ಣ ಮುಂದೆ ಕುಣಿಯಿತು. "ಹೌದು ಸರ್! ಹೃದಯವಿದ್ರಾವಕ ಸರ್!" ಎಂದ ಗುರುಪಾದಸ್ವಾಮಿ, ಗೈಡಿಗೆ ಕಾಣದಂತೆ ಬೆನ್ನ ಹಿಂದಿನಿಂದ ಮಕ್ಕಳಿಗೆ 'ಇನ್ನೂ ಜೋರು' ಎಂದು ಕೈಸನ್ನೆ ಮಾಡಿದ. ಮಕ್ಕಳು ಸೂರು ಹಾರಿಸಿದರು. ಅವನು ಗೈಡಿಗೆ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಓಡಿ, "ರತ್ನಾ, ಸಹಿ ಬಿದ್ದ ಹಾಗೇ!" ಎಂದ.

"ಮಕ್ಕಳಿಗೆ ಏನ್ ಮಾಡುದ್ರಿ? ಯಾಕಂಗ್ ಅಳ್ತಾವೆ?"

"ಅದು ಅಳುವಲ್ಲ ರತ್ನ, ಅದು ದತ್ತಾಂಶ!"

ಅವನು ಲೋಟ ಹಿಡಿದು ಹಾಲಿನ ಬಾಗಿಲಿಗೆ ಬರುವಷ್ಟರಲ್ಲಿ, ಎದುರುಮನೆಯ ಶಿವಮ್ಮ ಸೆರಗು ಬಾಯಿಗಿಟ್ಟುಕೊಂಡು ಓಡಿ ಬಂದಿದ್ದಳು. ಅಳುವ ಮಕ್ಕಳನ್ನು ನೋಡಿದಳು. ಗೋಡೆಗೊರಗಿ ಕುಳಿತ, ವಿಭೂತಿ ಬಳಿದ, ಅಲುಗಾಡದ ಅಜ್ಜಿಯನ್ನು ನೋಡಿದಳು. ಟೀಪಾಯಿಯ ಮೇಲಿನ ಹಾರವನ್ನು ನೋಡಿದಳು. ಅವಳಿಗೆ ಇನ್ನೇನು ಬೇಕು? ಹಾರವನ್ನೆತ್ತಿ ದೊಡ್ಡಬಸಮ್ಮನ ಕೊರಳಿಗೆ ಹಾಕಿ, ಕಾಲಿಗೆ ಬಿದ್ದು, ಪಕ್ಕದಲ್ಲಿದ್ದ ಗೈಡಿಗೆ ಹೇಳಿದಳು:

"ಅಜ್ಜಿ ಓದ್ರು ಸಾ!"

ಗೈಡಿನ ಮುಖ ಅರಳಿತು. "ಹೌದೇನ್ರೀ? ಓದಿದ್ರಾ! ಈ ವಯಸ್ಸಿನ್ಯಾಗ! ಭಾಳ ಛಲೋ ಆತು!"

ಶಿವಮ್ಮ ದಂಗಾದಳು. "ಏನ್ ಸಾ ಇಂಗಂತೀರಿ? ಚೆಂದಾಗಿ ಮಾತಾಡ್ಕಂಡಿದ್ರು, ಇದ್ದಕ್ಕಿದ್ದಂಗೆ ಓದ್ರು!"

"ಯಾರ ಒತ್ತಾಯನೂ ಇಲ್ದ ಓದಿದ್ರು ಅಂದ್ರ! ಎಲ್ಲೀತನಕ ಓದಿದ್ರು?"

"ಶಿವನ ಪಾದದ ಗಂಟ ಸಾ! ನಿದ್ದೇಲೇ ಓದ್ರು, ಪುಣ್ಯಾತ್ಗಿತ್ತಿ!"

"ನಿದ್ದಿಯಾಗ ಓದಿದ್ರಾ!" ಗೈಡು ಕುರ್ಚಿಯಿಂದ ಎದ್ದೇ ನಿಂತರು. "ಒತ್ತಡ ಶೂನ್ಯ! ಈ ಮಕ್ಕಳು ಎಚ್ಚರಾಗಿ ಓದಿ ಅಳಾಕತ್ತಾವ, ಈ ಅಜ್ಜಿ ನಿದ್ದಿಯಾಗ ಓದಿ ಆರಾಮ ಕುಂತಾರ! ಜಗತ್ತಿನ್ಯಾಗ ಎಲ್ಲೂ ಇಲ್ಲದ ಪ್ರಕರಣ!"

ಆ ಹಾಲಿನಲ್ಲಿ ಎರಡೂ ಕನ್ನಡ ಅರ್ಥವಾಗುತ್ತಿದ್ದವನು ಗುರುಪಾದಸ್ವಾಮಿ ಒಬ್ಬನೇ. 'ಓದಿಲ್ಲ ಸರ್, ಹೋಗಿಲ್ಲ ಶಿವಮ್ಮ' ಎಂದು ಒಂದೇ ಉಸಿರಿಗೆ ಹೇಳಬೇಕೆಂದು ಬಾಯಿ ತೆರೆದ. ನಾಲಿಗೆ ಹೊರಳಲಿಲ್ಲ. ವರ್ಷಗಟ್ಟಲೆ ಉಜ್ಜಿದ ಹಕಾರ ಮಾತ್ರ ಹೊರಬಂತು: "ಹ... ಹ... ಹ..."

"ನೋಡ್ರಿ, ಮಗಾ ಖುಷಿಲೇ ನಗಾಕತ್ತಾನ!" ಎಂದರು ಗೈಡು.

"ಎತ್ತವ್ವ ಓಗವ್ಳೆ, ನಗ್ತಾ ನಿಂತವ್ನಲ್ಲ! ಮನ್ಸನೇನ್ಲಾ ನೀನು?" ಎಂದು ಶಿವಮ್ಮ ಅವನ ಕೈಯ ಲೋಟ ಕಿತ್ತು ಎಸೆದಳು.

ಅಷ್ಟರಲ್ಲಿ ಹೊರಗೆ 'ಠಣ್' ಎಂದು ಕಬ್ಬಿಣದ ಕಂಬ ಬಿದ್ದ ಸದ್ದಾಯಿತು. ಬೀದಿಯ ಕೊನೆಯ ಶಾಮಿಯಾನ ಅಂಗಡಿಯ ಶಾಂತರಾಜು ಅಳು ಕೇಳಿ, ಯಾರೂ ಹೇಳುವ ಮೊದಲೇ ಲಗೇಜ್ ಆಟೊದಲ್ಲಿ ಸಾಮಾನು ತಂದು ಬಾಗಿಲ ಮುಂದೆ ಕಂಬ ನೆಡುತ್ತಿದ್ದ. ಗುರುಪಾದಸ್ವಾಮಿ ಅವನನ್ನು ತಡೆಯಲು ಹೊರಗೆ ಓಡಿದ.

"ಶಾಂತರಾಜು, ಬೇಡಪ್ಪ! ಏನೂ ಆಗಿಲ್ಲ!"

"ದುಃಖದಲ್ಲಿ ಎಲ್ರೂ ಇಂಗೇ ಅನ್ನದು ಸಾ. ನೀವ್ ಆ ಕಂಬ ಇಡ್ಕಳಿ, ಸ್ವಲ್ಪ ಸಮಾಧಾನ ಆಯ್ತದೆ," ಎಂದು ಶಾಂತರಾಜು ಒಂದು ಕಂಬವನ್ನು ಅವನ ಕೈಗೆ ಕೊಟ್ಟು ಹಗ್ಗ ಬಿಗಿಯತೊಡಗಿದ. ಬಿಟ್ಟರೆ ಶಾಮಿಯಾನ ತಲೆಯ ಮೇಲೆ ಬೀಳುತ್ತದೆ. ಭಾವೀ ಡಾಕ್ಟರು ಕಂಬ ಹಿಡಿದು ನಿಂತರು. ಮುಂದಿನದನ್ನೆಲ್ಲ ಅವನು ಕಿಟಕಿಯಿಂದಲೇ ನೋಡಬೇಕಾಯಿತು.

ಒಳಗೆ ಹಾರದ ಹೂವೊಂದು ದೊಡ್ಡಬಸಮ್ಮನ ಮೂಗಿಗೆ ತಾಗಿತು. ಅವರು ಒಂದು ಭರ್ಜರಿ ಸೀನು ಸೀನಿ ಕಣ್ಣು ಬಿಟ್ಟರು.

"ಅಪ್ಪಾ ಮಾದಪ್ಪ! ವಾಪಸ್ ಬಂದ್ಬುಟ್ರು!" ಎಂದು ಶಿವಮ್ಮ ಹಿಂದಕ್ಕೆ ಹಾರಿ ಗೈಡಿನ ಮೇಲೆ ಬಿದ್ದಳು. ಗೈಡು ಕುರ್ಚಿಯ ಮೇಲೆ ಬಿದ್ದರು. ಕುರ್ಚಿ ರಂಗರಾಜುವಿನ ಮೇಲೆ ಬಿತ್ತು. ಅವನೊಬ್ಬ ಮಾತ್ರ ಆಗ ನಿಜವಾಗಿ ಅತ್ತ.

ದೊಡ್ಡಬಸಮ್ಮ ಮಿಷನ್ನು ಕಿವಿಗೆ ಸಿಕ್ಕಿಸಿ ಸುತ್ತ ನೋಡಿದರು. "ಇದ್ಯಾಕ್ರವ್ವ ಎಲ್ಲ ಇಂಗಳ್ತಿದ್ದೀರಿ? ಯಾರು ಓದ್ರು?"

"ನೀವೇ ಕನಜ್ಜಿ!" ಎಂದಳು ಶಿವಮ್ಮ.

"ನಾನೆಲ್ಲಿಗ್ ಓದೆ? ಇಲ್ಲೇ ಕುಂತಿವ್ನಿ!"

ಮಕ್ಕಳಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಈಗ ತಾನೇ ಸೂರು ಹಾರುವಂತೆ ಅತ್ತವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ದೊಡ್ಡಬಸಮ್ಮನೂ ನಕ್ಕರು. ಗೈಡು ಎದ್ದು, ಕೋಟು ಕೊಡವಿ, ಕನ್ನಡಕ ಹುಡುಕಿ ಹಾಕಿಕೊಂಡು, ಎದುರಿಗಿದ್ದ ಕವಿತಳನ್ನು ಕೇಳಿದರು:

"ಏನವ್ವಾ, ಈಗಿನ್ನ ಅಷ್ಟು ಅಳಾಕತ್ತಿದ್ರಿ. ಯಾಕ ಅತ್ರಿ?"

"ಸಾರೇ ಮೆಸೇಜ್ ಆಕಿದ್ರು ಸಾ, ಒಳಗಿರೋ ಅಳು ಎಲ್ಲ ಒರಗ್ ಬರ್ಬೇಕು ಅಂತ." ಕವಿತ ಫೋನು ತೆಗೆದು ಕೇಳಿಸಿದಳು. ಕಿಟಕಿಯಾಚೆ ಕಂಬ ಹಿಡಿದವನಿಗೆ ತನ್ನದೇ ಗಂಭೀರ ದನಿ ಕೇಳಿಸಿತು: 'ನಾಚಿಕೆ ಬೇಡ. ಒಳಗಿರುವ ಅಳುತ್ತಂ ಅಷ್ಟೂ...' "ತಮಿಳಿನಲ್ಲಿ ಒತ್ತಡ ಸರ್! ಕವಿತಳ ಮನೆಮಾತು!" ಎಂದು ಅವನು ಹೊರಗಿನಿಂದಲೇ ಕೂಗಿದ.

"ಅದು ತಮಿಳಲ್ಲೇನವ್ವಾ? ನಿಂಗ ತಮಿಳು ಬರ್ತೈತಿ, ತಿಳೀಲಿಲ್ಲೇನು?"

"ನಂಗೆ ತಮಿಳು ಬರ್ತದೆ ಸಾ. ಸಾರ್ ತಮಿಳು ಬರಕಿಲ್ಲ. ಎಲ್ರೂ ನನ್ನೇ ಕೇಳುದ್ರು. ಅಳು ಅಂದ್ರೆ ಕನ್ನಡ್ದಲ್ಲೂ ಅಳುವೇ, ತಮಿಳಲ್ಲೂ ಅಳುವೇ, ಅತ್ಬುಡವ ಅಂದೆ."

"ಅಂದ್ರ ನಿಮಗ ಒತ್ತಡ ಇಲ್ಲೇ ಇಲ್ಲ?"

"ಬರೋಗಂಟ ಇತ್ತು ಸಾ! ಅಳು ಬರ್ನಿಲ್ಲ ಅಂದ್ರೆ ಸಾರು ಇಂಟರ್ನಲ್ ಮಾರ್ಕ್ಸ್ ಕಡಿಮೆ ಆಕ್ಬುಟ್ರೆ ಅಂತ ನಂಗೆ ನಿದ್ದೇನೇ ಇಲ್ಲ. ಈ ರಂಗರಾಜು ಬಸ್ಸಲ್ಲೆಲ್ಲ ಅಳೋದು ಪ್ರಾಕ್ಟೀಸ್ ಮಾಡ್ಕಂಡು ಬಂದ."

"ಮತ್ತ ಈಗ?"

"ಈಗ ಇಲ್ಲ ಸಾ," ಎಂದು ಕವಿತ ಸಂತೋಷವಾಗಿ ಹೇಳಿದಳು. "ಸಾರು ಒರಗ್ ಓಗವ್ರಲ್ಲ!"

ಎಲ್ಲರೂ ಮತ್ತೆ ನಕ್ಕರು. ಕಂಬ ಹಿಡಿದವನು ನಗಲಿಲ್ಲ. ಮಕ್ಕಳ ಒತ್ತಡವನ್ನು ಮೂರು ತಾಲ್ಲೂಕು ಅಲೆದು ಹುಡುಕಿದವನಿಗೆ ಅದು ತನ್ನದೇ ಚಪ್ಪಲಿ ಮೆಟ್ಟಿಕೊಂಡು ಅಲೆಯುತ್ತಿತ್ತು ಎಂದು ತಿಳಿದು ನಾಚಿಕೆಯಾಯಿತು. ಪಾಪ, ನಿಜವಾಗಿಯೂ ಆಯಿತು.

ಗೈಡು ಮಕ್ಕಳ ಜೊತೆ ಜಮಖಾನದ ಮೇಲೇ ಕುಳಿತು ಮೂರು ಸಲ ಕಾಯಿಹಾಲು ಹಾಕಿಸಿಕೊಂಡು ಶ್ಯಾವಿಗೆ ತಿಂದರು. ಆಮೇಲೆ, ಶಾಂತರಾಜು ಶಾಮಿಯಾನ ಬಿಚ್ಚತೊಡಗಿದ್ದರಿಂದ ಕಂಬ ಬಿಟ್ಟು ಬಂದ ಗುರುಪಾದಸ್ವಾಮಿಯನ್ನು ಕರೆದು ಕಾಗದದ ಮೇಲೆ ಏನೋ ಗೀಚಿ ಸಹಿ ಹಾಕಿ, ಬೆನ್ನು ತಟ್ಟಿ, ಕಾರು ಹತ್ತಿದರು. ಅವನು ಓದಿದ: 'ಒಂದು ವರ್ಷ ವಿಸ್ತರಿಸಬಹುದು. ಆದರೆ ವಿದ್ಯಾರ್ಥಿಗಳ ಒತ್ತಡವನ್ನು ಅಳೆಯುವಾಗ ಸಂಶೋಧಕರು ಸ್ಥಳದಲ್ಲಿ ಇರತಕ್ಕದ್ದಲ್ಲ.'

ರತ್ನ ಭುಜದ ಮೇಲಿಂದ ಇಣುಕಿ ನೋಡಿ, "ಪರವಾಗಿಲ್ಲ ಬಿಡಿ ಡಾಕ್ಟ್ರೇ, ಅಡುಗೆಮನೆಗೂ ಇದೇ ರೂಲ್ಸು," ಎಂದಳು.

ಗುರುಪಾದಸ್ವಾಮಿ ಜಗಲಿಯ ಮೇಲೆ ಕುಸಿದು ಕುಳಿತ. ದೊಡ್ಡಬಸಮ್ಮ ವೀಳ್ಯದ ತಟ್ಟೆ ಹಿಡಿದು ಹೊರಗೆ ಬಂದರು. ಹಾರ ಇನ್ನೂ ಕೊರಳಲ್ಲೇ ಇತ್ತು.

"ಗುರುಪಾದ, ಆ ಗೈಡಪ್ಪ ಎಲ್ಲಲಾ? ಎಲೆ ಅಡಕೆ ಕೊಡ್ಬೇಕಾಗಿತ್ತು."

ಬೇರೆ ದಿನವಾಗಿದ್ದರೆ ಅವನು ಎದೆಯುಬ್ಬಿಸಿ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದ. ಆದರೆ ಅಂದು ಅವನ ಮೈಯಲ್ಲಿ ಒಂದು ಹಕಾರಕ್ಕಾಗುವಷ್ಟೂ ಉಸಿರು ಉಳಿದಿರಲಿಲ್ಲ.

"ಓದ್ರು ಕನವ್ವ," ಎಂದ.

ದೊಡ್ಡಬಸಮ್ಮನ ಕೈಯಿಂದ ತಟ್ಟೆ ಜಾರಿತು. "ಅಯ್ಯೋ ನನ್ ಶಿವನೇ! ಈಗ್ ತಾನೆ ಶ್ಯಾವಿಗೆ ಉಂಡ್ರಲ್ಲಾ! ಎಂಥಾ ಒಳ್ಳೇ ಮನ್ಸ!" ಎಂದು ಎದೆ ಬಡಿದುಕೊಂಡು ರಾಗ ತೆಗೆದರು. ಒಳಗಿದ್ದ ಮಕ್ಕಳಿಗೆ ಅಳು ಕೇಳಿಸಿತು. ಇಂಟರ್ನಲ್ ಮಾರ್ಕ್ಸು ನೆನಪಾಯಿತು. "ಹೋ!" ಎಂದು ಅಷ್ಟೂ ಜನ ಮತ್ತೆ ಶುರು ಮಾಡಿದರು.

ಕೊನೆಯ ಕಂಬವನ್ನು ಆಟೊಗೆ ಏರಿಸುತ್ತಿದ್ದ ಶಾಂತರಾಜು ಹಾಗೇ ನಿಂತು ಕೂಗಿದ:

"ಸಾ, ಒಂದೇ ಸಲ ಏಳ್ಬುಡಿ! ಬಿಚ್ಚದಾ, ಕಟ್ಟದಾ?"