ಮಂಗಫ್ ಮರಳಿನ ಪೋರ್ಚುಗೀಸ್ ಕೋವಿ

"ಕಣ್ಣಿಗೆ ಬಟ್ಟೆ ಕಟ್ಟಿ ಕೈಗೊಂದು ಲೋಹದ ತುಂಡು ಕೊಡಿ. ಅದರ ಕುಲಗೋತ್ರ ಹೇಳದಿದ್ದರೆ ನನ್ನ ಮೀಸೆ ಬೋಳಿಸಿ!"

ಇದು ಕ್ಲೆಮೆಂಟನ ಖಾಯಂ ಸವಾಲು. ಶುಐಬಾದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಇಪ್ಪತ್ತೆರಡು ವರ್ಷ ಬಿಡಿಭಾಗಗಳ ನಡುವೆ ಬಾಳಿದವನು, ಹೇಳಲಿ ಬಿಡಿ. ಆದರೆ ಅವನು ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ ದಿನ ಕುವೈತಿನ ಮರಳಿಗೇ ನಡುಕ ಹುಟ್ಟಿರಬೇಕು!

"ಬೆಟ್ಟೀ, ಇನ್ನು ಈ ಕಡಲತೀರದ ಇತಿಹಾಸ ನಾನೇ ಬರೆಯುವುದು!"

"ಬರಿ. ಬರುವಾಗ ಕಾಯಿತುರಿಯ ಪ್ಯಾಕೆಟ್ ಎರಡು ತಾ," ಎಂದಳು ಹೆಂಡತಿ.

ಕಾಯಿತುರಿಯ ಮಾತು ಬಂದರೆ ಆ ಮನೆಯಲ್ಲಿ ಗಾಳಿ ಬಿಸಿಯಾಗುತ್ತದೆ. ಮದುವೆಗೆ ಕುಲಶೇಖರದ ತವರಿನಲ್ಲಿ ಬೆಟ್ಟಿಯ ಅಮ್ಮ ಕೊಟ್ಟ, ಮೇಜಿಗೆ ಕಚ್ಚಿಸಿ ತಿರುಗಿಸುವ ಕಾಯಿ ತುರಿಯುವ ಯಂತ್ರದ ಹಿತ್ತಾಳೆ ಹಿಡಿ ಕಳೆದ ವರ್ಷ ಕಾಣೆಯಾಗಿತ್ತು. "ಎದುರುಮನೆ ಪ್ರೀಮಾ ಯಾವಾಗಲೂ ಕೇಳಿ ಕೊಂಡುಹೋಗ್ತಿದ್ದಳಲ್ಲ..." ಎಂದಿದ್ದ ಕ್ಲೆಮೆಂಟ್. ಪೂರ್ತಿ ಹೇಳಿರಲಿಲ್ಲ, ಅಷ್ಟೇ ಸಾಕಾಯಿತು. ಹದಿನಾಲ್ಕು ವರ್ಷದ ಗೆಳತಿಯರು ಅಂದಿನಿಂದ ಲಿಫ್ಟಿನಲ್ಲಿ ಸೀಲಿಂಗ್ ನೋಡುತ್ತ ನಿಲ್ಲುತ್ತಾರೆ. ಈಗಲೂ ಮೀನುಸಾರು ಮಾಡಿದ ದಿನ ಬೆಟ್ಟಿಯ ಕೈ ತಾನಾಗಿ ಒಂದು ಬಟ್ಟಲು ಎತ್ತಿಡುತ್ತದೆ. ಕೊಡುವುದು ಯಾರಿಗೆ ಎಂದು ನೆನಪಾದಾಗ ಅವಳಿಗೆ ಅಳುವೇ ಬರುತ್ತದೆ.

ಶುಕ್ರವಾರ ಕ್ಲೆಮೆಂಟ್ ಮಂಗಫ್ ಕಡಲತೀರಕ್ಕೆ ದಂಡಯಾತ್ರೆ ಹೊರಟ. ಮೊದಲ ಗಂಟೆಯಲ್ಲಿ ಸೋಡಾ ಬಾಟಲಿಯ ಮುಚ್ಚಳ ಹನ್ನೊಂದು! ಎರಡನೆಯ ಗಂಟೆಯಲ್ಲಿ ಯಂತ್ರ ಕೀಂಯ್ ಎಂದಿತು. ಅಗೆದರೆ, ಚಿಪ್ಪು, ಕಿಲುಬು ಮೆತ್ತಿಕೊಂಡು ಹಾವಿನಂತೆ ಎರಡು ಸಲ ಬಾಗಿದ ತುಂಡು. ಒಂದು ತುದಿಯಲ್ಲಿ ಚೌಕ ತೂತು, ಇನ್ನೊಂದರಲ್ಲಿ ಸಣ್ಣ ಮೊಳೆ.

ಮನೆಗೆ ಬಂದು ಎರಡು ತಾಸು ಇಂಟರ್ನೆಟ್ ಜಾಲಾಡಿ ಎದ್ದು ನಿಂತ. "ಬತ್ತಿ ಕೋವಿ! ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸುವ ಕೊಕ್ಕೆ ಇದು! ಪೋರ್ಚುಗೀಸರದ್ದು, ನಾನೂರು ವರ್ಷ ಹಳತು!"

"ಕೋವಿ ಅಂತ ಬೊಬ್ಬೆ ಹೊಡೀಬೇಡ ಮಾರಾಯಾ, ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಇನ್ನೂ ರಿನ್ಯೂ ಆಗ್ಲಿಕ್ಕೆ ಉಂಟು! ಎಂತದು, ತೋರ್ಸು."

"ಮುಟ್ಟಬೇಡ! ಅಡುಗೆಮನೆಯ ಕೈ ತಾಗಿದರೆ ಚರಿತ್ರೆ ಹಾಳು!"

ಮಗಳು ರಿಯೋನಾ ಇಣುಕಿದಳು. "ಡ್ಯಾಡ್, ಇಟ್ ಲುಕ್ಸ್ ಲೈಕ್ ಎ ಹ್ಯಾಂಡಲ್."

"ಚರಿತ್ರೆ ಓದದ ಪೀಳಿಗೆ!" ಎಂದು ನಿಟ್ಟುಸಿರುಬಿಟ್ಟು ಅದನ್ನು ಕೆಂಪು ವೆಲ್ವೆಟ್ಟಿನಲ್ಲಿ ಸುತ್ತಿಟ್ಟ.

ಕಟ್ಟಡದ ವಾಟ್ಸಾಪ್ ಗುಂಪಿಗೆ ಆಮಂತ್ರಣ ಹೋಯಿತು: 'ಪುರಾತನ ಕೋವಿಯ ಅನಾವರಣ, ಕಟ್ಲೆಟ್ ಸಹಿತ.' ಕಟ್ಲೆಟ್ಟಿಗಾಗಿಯೇ ಇಪ್ಪತ್ತು ಜನ ಸೇರಿದರು. ಕಿಲುಬು ತೆಗೆಯಲು ಅಬ್ಬಾಸಿಯಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗೆಳೆಯ ಮಹಮ್ಮದ್ ಕುಂಞಿಯನ್ನೇ ಕರೆಸಲಾಗಿತ್ತು. ಆತ ಹುಣಸೆಹುಳಿ ಹಚ್ಚಿ ಉಜ್ಜಿದ, ಉಜ್ಜಿದ, ನಿಂತ.

"ಬರಹ ಉಂಟು ಮಾರಾಯ್ರೇ!"

ಸಭೆ ಕಟ್ಲೆಟ್ ಅಗಿಯುವುದನ್ನೂ ನಿಲ್ಲಿಸಿತು. "ಪೋರ್ಚುಗೀಸಾ? ಅರಬಿಯಾ?" ಕ್ಲೆಮೆಂಟ್ ಕುರ್ಚಿ ಬಿಟ್ಟು ಮುಂದೆ ಬಾಗಿದ.

"ಕನ್ನಡ."

ಕ್ಲೆಮೆಂಟ್ ಸೋಲಲಿಲ್ಲ! "ನೋಡಿದಿರಾ? ಪೋರ್ಚುಗೀಸರಿಗೆ ಕೋವಿ ಮಾಡಿಕೊಟ್ಟವರು ನಮ್ಮ ಮಂಗಳೂರಿನವರೇ!"

"ಚುಕ್ಕಿ ಚುಕ್ಕಿ ಅಕ್ಷರ. ಊರಲ್ಲಿ ಪಾತ್ರೆಗೆ ಹೆಸರು ಹೊಡೆಸ್ತೇವಲ್ಲ, ಹಾಗೇ," ಎಂದು ಕುಂಞಿ ಕನ್ನಡಕ ಸರಿಮಾಡಿ ಓದಿದ. "ಬೆಟ್ಟಿ. ಕುಲಶೇಖರ. ಎರಡು ಸಾವಿರದ ನಾಲ್ಕು."

ಬೆಟ್ಟಿ ಒಳಗೆ ಹೋದಳು. ಹಿಡಿಯಿಲ್ಲದ ಯಂತ್ರ ತಂದು ಮೇಜಿಗೆ ಕಚ್ಚಿಸಿ, ನಾನೂರು ವರ್ಷದ ಕೊಕ್ಕೆಯನ್ನು ಸಿಕ್ಕಿಸಿ ಒಂದು ಸುತ್ತು ತಿರುಗಿಸಿದಳು. ಅದು ಗರಗರನೆ ಸೊಗಸಾಗಿ ತಿರುಗಿತು.

"ಪ್ರೀಮಾ ಇದನ್ನು ಸಮುದ್ರದ ಬದಿಯಲ್ಲಿ ಹೂತಿಟ್ಟಳಾ, ಕ್ಲೆಮೆಂಟ್?"

"ಅದು... ಕಳೆದ ವರ್ಷದ ಪಿಕ್ನಿಕ್... ಗಾಳಿ ಜೋರಿತ್ತು. ಟೆಂಟಿಗೆ ಗೂಟ ಕಡಿಮೆ ಬಿತ್ತು..."

ಹಿಡಿಯನ್ನೇ ಗೂಟವಾಗಿ ಹೊಡೆದು ಮರಳಿನಲ್ಲಿ ಮರೆತು ಬಂದವನು ಬೈಗುಳಕ್ಕೆ ಹೆದರಿ ಪ್ರೀಮಾಳ ಹೆಸರು ಹೇಳಿದ್ದ. ಆಮೇಲೆ ತನ್ನ ಸುಳ್ಳನ್ನು ತಾನೇ ನಂಬಿ ನೆಮ್ಮದಿಯಾಗಿದ್ದ. ಈಗ ಸ್ವಂತ ದುಡ್ಡಿನ ಯಂತ್ರದಿಂದ ತಾನೇ ಅದನ್ನು ಅಗೆದು, ವೆಲ್ವೆಟ್ಟಿನಲ್ಲಿಟ್ಟು, ಇಪ್ಪತ್ತು ಸಾಕ್ಷಿಗಳಿಗೆ ಕಟ್ಲೆಟ್ಟನ್ನೂ ತಿನ್ನಿಸಿದ್ದ!

ಬೆಟ್ಟಿ ಎದುರುಮನೆಯ ಬಾಗಿಲು ತಟ್ಟಿದಳು. ಪ್ರೀಮಾ ತೆರೆದಳು. "ನಾನು ನಿನ್ನನ್ನು ಕಳ್ಳಿ ಅಂದ್ಕೊಂಡೆ, ಪ್ರೀಮಾ," ಎಂದು ಬೆಟ್ಟಿ ಅತ್ತಳು. ಪ್ರೀಮಾಳೂ ಅತ್ತಳು. ಕಥೆಯೆಲ್ಲ ಕೇಳಿ, ಕಣ್ಣೊರಸಿಕೊಂಡು, ಹಿಂದೆಯೇ ಬಂದು ನಿಂತಿದ್ದ ಕ್ಲೆಮೆಂಟನ ಕಡೆ ತಿರುಗಿದಳು.

"ಗೂಟ ಕಡಿಮೆ ಬಿದ್ದದ್ದು ಒಂದಾ, ಎರಡಾ?"

ಕ್ಲೆಮೆಂಟ್ ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದ.

"ಯಾಕೆಂದರೆ ನನ್ನ ಕಬ್ಬಿಣದ ಸಟ್ಟುಗ ಕಾಣೆಯಾದದ್ದೂ ಅದೇ ಪಿಕ್ನಿಕ್‌ನಲ್ಲಿ. ನಾನು ಇಷ್ಟು ದಿನ ಬೆಟ್ಟಿ ಅಂತ ತಿಳಿದಿದ್ದೆ!"

ಮುಂದಿನ ಶುಕ್ರವಾರ ಮಂಗಫ್ ತೀರದಲ್ಲಿ ಗೆಳತಿಯರಿಬ್ಬರೂ ಕೊಡೆಯಡಿ ಕುರ್ಚಿ ಹಾಕಿ ಕೂತು, ಒಂದೇ ಡಬ್ಬಿಯಿಂದ ಪತ್ರೊಡೆ ತಿನ್ನುತ್ತಿದ್ದರು. "ಇನ್ನೂ ಎಡಕ್ಕೆ! ಯಲ್ಲಾ, ಬೇಗ, ಆಳಕ್ಕೆ ಅಗೆ!" ಎಂದು ಅಲ್ಲಿಂದಲೇ ಅಪ್ಪಣೆ. ಮೀಸೆಯಿಲ್ಲದ ಗಂಡಸೊಬ್ಬ ಬೆವರು ಸುರಿಸುತ್ತ ಅಗೆಯುತ್ತಿದ್ದ. ಯಂತ್ರ ಕೀಂಯ್ ಎಂದಿತು. ತುಕ್ಕು ಹಿಡಿದ ಉದ್ದನೆಯ ತುಂಡೊಂದು ಮೇಲೆ ಬಂತು. ಪಾಪ, ಅವನಿಗೆ ತಡೆಯಲಾಗಲಿಲ್ಲ.

"ಬೆಟ್ಟೀ! ಇದು ಖಂಡಿತ ಯಾವುದೋ ಸುಲ್ತಾನನ ಖಡ್ಗದ..."

"ಸಟ್ಟುಗ!" ಎಂದರು ಇಬ್ಬರೂ ಒಟ್ಟಿಗೆ. "ತೊಳೆದು ತಾ."