ದರ್ಜಿಯ ಕಂಕುಳಲ್ಲೊಂದು ಗಂಟು

ಬೆಳಿಗ್ಗೆ ಸ್ನಾನ ಮಾಡುವಾಗ ದರ್ಜಿಯ ಬಲ ಕಂಕುಳಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅಂಗಿಯ ಗುಂಡಿಯಷ್ಟು ದಪ್ಪ, ಒತ್ತಿದರೆ ನೋವು. ಊರವರ ಕಂಕುಳಿಗೆಲ್ಲ ಟೇಪು ಹಿಡಿಯುವ ತನಗೆ ತನ್ನ ಕಂಕುಳಲ್ಲೇ ಯಾರು ಬಾಡಿಗೆಗೆ ಬಂದಿದ್ದಾರೆಂದು ತಿಳಿಯಲಿಲ್ಲವಲ್ಲ ಎಂದು ಅವನಿಗೆ ನಗು ಬಂತು. ಆ ನಗು ಬಚ್ಚಲಮನೆಯ ಬಾಗಿಲವರೆಗೆ ಮಾತ್ರ ಬಂತು. ಅಲ್ಲಿಂದಾಚೆ ಭಯವೊಂದೇ ಜೊತೆಗಿತ್ತು.

ಹೆಂಡತಿಗೆ ಹೇಳಲು ಧೈರ್ಯವಾಗದೆ, ಅಂಗಡಿಯ ಪಕ್ಕದಲ್ಲೇ ಗಡಿಯಾರ ರಿಪೇರಿ ಮಾಡುವ ಭಾಮೈದನಿಗೆ ಗುಟ್ಟಾಗಿ ಹೇಳಿದ. ಭಾಮೈದ ಅದನ್ನು ಗುಟ್ಟಾಗಿಯೇ ಇಟ್ಟ. ಅಂದರೆ, ಸಿಕ್ಕಿದವರಿಗೆಲ್ಲ "ಇದು ಗುಟ್ಟು" ಅಂತಲೇ ಹೇಳಿದ.

ಮೊದಲು ಬಂದವನು ಇಸ್ತ್ರಿಯವನು. ಗಂಟನ್ನು ಒತ್ತಿ ನೋಡಿ, "ನಮ್ಮ ದೊಡ್ಡಪ್ಪಂಗೂ ಹೀಗೇ ಶುರುವಾಗಿತ್ತು," ಎಂದ.

"ಈಗ ಹೇಗಿದಾರೆ?"

"ತುಂಬ ಒಳ್ಳೆ ಮನುಷ್ಯ ಆಗಿದ್ರು," ಎಂದು ನಿಟ್ಟುಸಿರು ಬಿಟ್ಟು ಹೊರಟುಹೋದ.

ಆಮೇಲೆ ಫೋಟೋ ಸ್ಟುಡಿಯೋದವರು ಬಂದರು. "ಭಯಪಡಬೇಡಿ. ಯಾವುದಕ್ಕೂ ಒಂದು ಒಳ್ಳೆ ಫೋಟೋ ತೆಗೆಸಿಟ್ಕೊಳ್ಳಿ. ಮುಖ ಇನ್ನೂ ತುಂಬ್ಕೊಂಡಿದೆ."

ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಬಂದು ಗಂಟನ್ನು ಕಾಲಿಂಗ್ ಬೆಲ್ಲಿನಂತೆ ಒತ್ತಿ ಹೋಗಿತ್ತು. ದರ್ಜಿ ಒಂದು ಅಂಗಿಗೆ ಎರಡೂ ಎಡ ತೋಳುಗಳನ್ನೇ ಕತ್ತರಿಸಿದ್ದ. ಇದೇ ತನ್ನ ಕೊನೆಯ ಅಂಗಿ ಎಂದುಕೊಂಡಾಗ ಕಣ್ಣೀರು ಬಂತು. ತೊಡುವವನು ನೆನಪಾಗಿ ಇನ್ನಷ್ಟು ಬಂತು.

"ಏಳಿ ಭಾವ, ಡಾಕ್ಟ್ರ ಹತ್ರ ಹೋಗೋಣ. ನಾನಿದೀನಲ್ಲ," ಎಂದು ಭಾಮೈದ ಅವನನ್ನು ಎಬ್ಬಿಸಿಕೊಂಡು ಹೊರಟ.

ಡಾಕ್ಟರು ಕಂಕುಳನ್ನು ನೋಡಿದರು. ಆಮೇಲೆ ಬಲಗೈ ಹಿಡಿದು, "ಬೆರಳಿಗೇನು ಬಟ್ಟೆ ಸುತ್ತಿದೀರಿ?" ಎಂದರು.

"ಸೂಜಿ ಚುಚ್ಚಿದ್ದು ಸಾರ್. ಅದು ಇದ್ದದ್ದೇ. ನೀವು ಕಂಕುಳು ನೋಡಿ."

ಬಟ್ಟೆ ಬಿಚ್ಚಿದರೆ ಬೆರಳು ಕೀವು ತುಂಬಿ ಕೆಂಪಗಾಗಿತ್ತು.

"ಕಳ್ಳ ಇಲ್ಲಿದಾನೆ. ನೀವು ಪೊಲೀಸ್ ಸ್ಟೇಷನ್ ನೋಡಿ ಹೆದರಿದೀರಿ," ಎಂದು ಡಾಕ್ಟರು ಕೀವು ತೆಗೆಯುತ್ತಾ ಹೇಳಿದರು. "ರಕ್ತನಾಳ ಇರೋ ಹಾಗೇ ಮೈಯಲ್ಲಿ ಇನ್ನೊಂದು ಸಣ್ಣ ನಾಳಗಳ ಜಾಲ ಇದೆ. ಅದರಲ್ಲಿ ತಿಳಿನೀರಿನಂಥ ರಸ ಹರಿಯುತ್ತೆ. ಕೈಯಿಂದ ಬರೋ ರಸ ಕಂಕುಳಿನ ಗ್ರಂಥಿಗಳಲ್ಲಿ ಸೋಸ್ಕೊಂಡೇ ಮುಂದೆ ಹೋಗ್ಬೇಕು. ಅದರ ಜೊತೆ ಕ್ರಿಮಿ ಬಂದ್ರೆ ಬಿಳಿ ರಕ್ತಕಣಗಳು ಗುರುತು ಹಿಡಿದು, ಒಂದು ನೂರಾಗಿ ಹೆಚ್ಚಿ ಹೋರಾಡ್ತವೆ. ಅಷ್ಟು ಜನ ಸೇರಿದ ಮೇಲೆ ಜಾಗ ಊದಲೇಬೇಕಲ್ಲ. ಬೆರಳು ವಾಸಿಯಾದ್ರೆ ಅದೂ ಇಳಿಯುತ್ತೆ. ಇಳೀದೇ ಹೋದ್ರೆ ಮತ್ತೆ ಬನ್ನಿ. ಈಗ ಮಾತ್ರೆ ಸಾಕು."

"ಮತ್ತೆ ಇಷ್ಟೊಂದು ನೋವು ಯಾಕೆ ಸಾರ್?"

"ಎಷ್ಟು ಜನ ಒತ್ತಿದ್ರು?"

"ಬೀದಿ ಪೂರ್ತಿ."

ದರ್ಜಿಗೆ ನಾಚಿಕೆಯಾಯಿತು. ತನಗಾಗಿ ಹಗಲಿರುಳು ಹೊಡೆದಾಡುತ್ತಿದ್ದವರನ್ನೇ ಯಮದೂತರೆಂದು ತಿಳಿದು ಅತ್ತಿದ್ದ. "ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ ಸಾರ್," ಎಂದ.

"ಅನುಭವ," ಎಂದು ಡಾಕ್ಟರು ತಮ್ಮ ಬಿಳಿ ಕೋಟಿನ ತೋಳು ಸರಿಸಿ ಮಣಿಕಟ್ಟಿನ ಪಟ್ಟಿ ತೋರಿಸಿದರು. "ನನ್ನ ಕಂಕುಳಲ್ಲೂ ಇಂಥದ್ದೇ ಒಂದಿದೆ. ಹೊಸ ಕೋಟು. ಯಾವನೋ ಪುಣ್ಯಾತ್ಮ ತೋಳಿನ ಮಡಿಕೆಯೊಳಗೆ ಸೂಜಿ ಬಿಟ್ಟು ಹೊಲಿದಿದಾನೆ. ನನ್ನ ಹೆಂಡತಿ ಎಲ್ಲಿ ಹೊಲಿಸಿದ್ಲೋ, ಅಂಗಡಿ ನೆನಪಿಲ್ಲ ಅಂತಾಳೆ. ಅವನೊಬ್ಬ ನನ್ನ ಕೈಗೆ ಸಿಗ್ಬೇಕು."

ದರ್ಜಿಯ ಕಣ್ಣು ಕೋಟಿನ ಜೇಬಿಗೆ ಹೋಯಿತು. ಅಷ್ಟು ಸೊಟ್ಟ ಹೊಲಿಗೆ ಊರಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅವನು ಮೆಲ್ಲಗೆ ಎದ್ದ.

"ಅಂದ ಹಾಗೆ, ನೀವೇನು ಕೆಲಸ ಮಾಡೋದು?"

"ನಾನಾ ಸಾರ್? ಹೀಗೇ... ಏನೋ ಸಣ್ಣ ವ್ಯಾಪಾರ."

ಭಾವನ ಜೀವ ಉಳಿದ ಸಂತೋಷವನ್ನು ಭಾಮೈದನಿಗೆ ತಡೆದುಕೊಳ್ಳಲಾಗಲಿಲ್ಲ. "ನಮ್ಮ ಭಾವಂಗೆ ಸಂಕೋಚ ಜಾಸ್ತಿ ಸಾರ್. ಟೈಲರ್ ಅವ್ರು. ಬಿಳಿ ಕೋಟು ಹೊಲಿಯೋದ್ರಲ್ಲಿ ಎತ್ತಿದ ಕೈ. ನೀವು ಹಾಕ್ಕೊಂಡಿರೋದೂ ಇವ್ರದ್ದೇ ಇರ್ಬೇಕು, ಆ ಜೇಬು ನೋಡಿದ್ರೇ ಗೊತ್ತಾಗುತ್ತೆ."

ಡಾಕ್ಟರು ಎದ್ದು ಹೋಗಿ ಬಾಗಿಲು ಹಾಕಿದರು.

"ಕೂತ್ಕೊಳ್ಳಿ," ಎಂದರು ಶಾಂತವಾಗಿ. "ಮಾತ್ರೆ ಬೇಡ. ಇಂಜೆಕ್ಷನ್ನೇ ಕೊಡ್ತೀನಿ."