ಗಿಟಾರಿನ ಹೊಟ್ಟೆಯ ಬೀಜ

ಬಡಗಿಯ ಕೈಯಿಂದ ಹೊರಬಿದ್ದ ಯಾವ ವಸ್ತುವೂ ಸದ್ದು ಮಾಡಬಾರದು. ಬಾಗಿಲು ಕಿರುಗುಟ್ಟಬಾರದು, ಮಂಚ ಗೊಣಗಬಾರದು. ಇಪ್ಪತ್ತು ವರ್ಷ ಇದೇ ಹೆಮ್ಮೆಯಲ್ಲಿ ಬದುಕಿದವನಿಗೆ ಅವತ್ತು ಅದೇ ಮುಳುವಾಯಿತು.

ಬೆಳಗ್ಗೆ ಸಭಾಂಗಣದ ಕಾರ್ಯದರ್ಶಿ ಒಂದು ಹಳೇ ಗಿಟಾರ್ ತಂದು ಅವನ ಬೆಂಚಿನ ಮೇಲೆ ಮಲಗಿಸಿದರು. ಸಂಜೆ ಸಭಾಂಗಣದಲ್ಲಿ ಸುತ್ತಮುತ್ತಲ ಊರುಗಳ ಹಾಡುಗಾರರು ಸೇರಿ ಕಂಟ್ರಿ ರಾಕ್, ಜನಪದ ಎಲ್ಲ ಹಾಡುವವರಿದ್ದರು. ಇದು ಅವರಲ್ಲಿ ಹೆಸರಾದ ಗಡ್ಡದ ಗಾಯಕನದು. ಏನೋ ತೊಂದರೆಯಂತೆ, ನೋಡಿ ಸರಿಮಾಡಿ ಆರು ಗಂಟೆಗೆ ತಲುಪಿಸಬೇಕು. ಕೆಲಸ ಚೆನ್ನಾಗಿ ಆದರೆ ಸಭಾಂಗಣದ ಇನ್ನೂರು ಕುರ್ಚಿಗಳ ರಿಪೇರಿಯೂ ಅವನಿಗೇ ಎಂದರು. ಆ ಕುರ್ಚಿಗಳಿಗಾಗಿ ಬಡಗಿ ಎರಡು ವರ್ಷದಿಂದ ಅವರ ಹಿಂದೆ ಸುತ್ತಿದ್ದ.

ಪಕ್ಕೆಯಲ್ಲಿ ಸಣ್ಣ ಬಿರುಕಿತ್ತು, ಅಂಟು ಹಾಕಿದ. ಅಲುಗಿಸಿದರೆ ಒಳಗೆ ಏನೋ ಗಲಗಲ. ಸುಮ್ಮನಿರಲು ಅವನಿಂದಾಗುತ್ತದೆಯೇ? ಅರ್ಧ ಗಂಟೆ ಕುಲುಕಿ, ಕೊಕ್ಕೆ ಹಾಕಿ ಒಂದು ಒಣ ಬೀಜವನ್ನು ಹೊರಗೆಳೆದ. ಮರದ ಹೊಟ್ಟಿನ ಜೊತೆ ಗುಡಿಸಿ ಎಸೆದ. ಕಸದ ಗಾಡಿ ಬಂದು ಒಯ್ದೂ ಆಯಿತು.

ಆಮೇಲೆ ಪಕ್ಕದಂಗಡಿಯ ಟೈಲರ್ ಬಂದ. ಊರವರ ಅಳತೆಯಷ್ಟೇ ಅಲ್ಲ, ಅವರ ಮನೆ ಮಾತೂ ಅವನಿಗೆ ಬಾಯಿಪಾಠ. ವಿಷಯ ಕೇಳಿದವನೇ ಮೊಬೈಲಿನಲ್ಲಿ ಗಾಯಕನ ಹಾಡು ಹಾಕಿದ. ಪ್ರತಿ ತಾಳದ ಹಿಂದೆಯೂ ಗಲಗಲ.

“ಅಣ್ಣಾ, ನೀನು ತೆಗೆದಿದ್ದು ಬೀಜ ಅಲ್ಲ, ಅವನ ಜೀವ,” ಎಂದ.

ಗಾಯಕನನ್ನೇ ಕೇಳಿಬಿಡುತ್ತೇನೆಂದು ಹೊರಟ ಬಡಗಿಯನ್ನು ಟೈಲರ್ ತಡೆದ. ಕೇಳಿದರೆ ಎಸೆದದ್ದನ್ನು ಒಪ್ಪಿಕೊಂಡ ಹಾಗೆ, ಕುರ್ಚಿಗಳ ಆಸೆ ಬಿಡು ಎಂದ. ಅದೂ ನಿಜವೆನಿಸಿತು.

ಆ ಗಲಗಲ ಮತ್ತೆ ಬರಲೆಂದು ಟೈಲರ್ ತನ್ನ ಕಡೆಯಿಂದ ಗಿಟಾರಿನೊಳಗೆ ಒಂದು ಅಂಗಿ ಗುಂಡಿ ಹಾಕಿದ. ಸದ್ದು ತೆಳುವಾಯಿತು. ಎದುರಿನ ವಾಚ್ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಓಡಿಬಂದು ಒಂದು ಸ್ಕ್ರೂ ಬಿಟ್ಟ. ಸದ್ದು ಕೀರಲಾಯಿತು. ಸಂಜೆ ಕಾಫಿ ತಂದ ಬಡಗಿಯ ಹೆಂಡತಿ ಮೂವರ ಮುಖ ನೋಡಿ, ಮನೆಗೆ ಹೋಗಿ ಒಣ ಬಟಾಣಿ ತಂದು ಅವುಗಳ ಜೊತೆಗೇ ಹಾಕಿದಳು. ಈಗ ಮೊಬೈಲಿನ ಸದ್ದಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲವೆಂದು ನಾಲ್ವರೂ ಒಪ್ಪಿದರು. ಒಪ್ಪದೆ ವಿಧಿಯಿರಲಿಲ್ಲ, ಐದೂಮುಕ್ಕಾಲಾಗಿತ್ತು.

ಗಿಟಾರನ್ನು ಕಾರ್ಯದರ್ಶಿಯ ಕೈಗಿತ್ತು ಬಡಗಿ ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ ಕೂತ. ಬೇರೆಯವರ ಹಾಡುಗಳು ಕಿವಿಗೆ ಇಳಿಯಲೇ ಇಲ್ಲ. ಡ್ರಮ್ ಬಡಿದಾಗಲೆಲ್ಲ ತನ್ನ ಎದೆಯೇ ಎಂದು ಬೆಚ್ಚಿದ. ಕೊನೆಗೆ ಗಡ್ಡದ ಗಾಯಕ ಬಂದು ತಂತಿ ಮೀಟಿದ. ಗಲಗಲ ಎಂದಿತು. ಜನ ಚಪ್ಪಾಳೆ ತಟ್ಟಿದರು. ಬಡಗಿಗೆ ಹೋದ ಜೀವ ಬಂದಂತಾಯಿತು.

ಆದರೆ ಗಾಯಕ ಕೈ ನಿಲ್ಲಿಸಿದ. ಗಿಟಾರನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ ಮೈಕಿಗೆ ಬಾಗಿದ.

“ಹನ್ನೆರಡು ವರ್ಷದಿಂದ ಇದರ ಹೊಟ್ಟೇಲಿ ಒಂದು ಬೀಜ ಸೇರ್ಕೊಂಡು ನನ್ನ ಪ್ರಾಣ ತಿಂತಿತ್ತು. ಯಾರ ಕೈಲೂ ತೆಗೆಯೋಕೆ ಆಗಿರ್ಲಿಲ್ಲ. ಇಲ್ಲೊಬ್ಬರು ಬಡಗಿ ಇದಾರೆ, ಅವರು ಮುಟ್ಟಿದ್ದು ಸದ್ದೇ ಮಾಡಲ್ಲ ಅಂದ್ರು, ಕೊಟ್ಟೆ. ಈಗ ಆ ಬೀಜ ಹೆಂಡತಿ ಮಕ್ಕಳನ್ನೂ ಕರೆಸ್ಕೊಂಡಿದೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಟೈಲರ್ ಎಲ್ಲರಿಗಿಂತ ಜೋರಾಗಿ ನಕ್ಕ. ವಾಚ್ ರಿಪೇರಿಯವನು ಸೂರು ನೋಡುತ್ತಿದ್ದ. ಬಡಗಿ ಯಾರಿಗೂ ಗೊತ್ತಾಗದಂತೆ ಜಾರಿಕೊಳ್ಳೋಣವೆಂದು ಮೆಲ್ಲಗೆ ಎದ್ದರೆ ಕುರ್ಚಿ ಕಿರ್ರೆಂದಿತು. ಇಡೀ ಸಭಾಂಗಣ ತಿರುಗಿ ನೋಡಿತು.

ಬಾಗಿಲಲ್ಲಿ ಕಾರ್ಯದರ್ಶಿ ನಿಂತಿದ್ದರು.

“ಕುರ್ಚಿ ಹಾಗೇ ಇರಲಿ ಬಿಡಿ,” ಎಂದರು. “ಈಗ ಬರೀ ಕಿರ್ರ್ ಅಂತಾವೆ. ನೀವು ಕೈ ಹಾಕಿದ್ರೆ ಗಲಗಲ ಅನ್ನೋಕೂ ಶುರು ಮಾಡ್ತಾವೆ.”